ಐದಡಿ ಒಂದಿಂಚಿನವನಿಗೆ ಅಂಗಿ ಎಲ್ಲಿ ಸಿಗುತ್ತದೆ?

ಗಣಿತಮೇಷ್ಟ್ರು, ಶಿವಮೊಗ್ಗ

ಎತ್ತರ ಐದಡಿ ಒಂದಿಂಚು. ಎದೆ 33, ಸೊಂಟ 27, ಕುತ್ತಿಗೆ ಹದಿಮೂರೂವರೆ ಇಂಚು, ತೂಕ 47 ಕಿಲೋ. ವಯಸ್ಸು 41, ಆದ್ದರಿಂದ ಇನ್ನು ಬೆಳೆಯುವ ಆಸೆಯಿಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ.

ಇಪ್ಪತ್ತು ವರ್ಷ ಒಬ್ಬರೇ ದರ್ಜಿಯ ಬಳಿ ಬಟ್ಟೆ ಹೊಲಿಸಿಕೊಂಡೆ. ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ, ಮೂರು ಮೆಟ್ಟಿಲು ಹತ್ತಿದರೆ ಅವರ ಅಂಗಡಿ. ಅಳತೆಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಹಿಂದಿನಂತೆ’ ಎಂದಷ್ಟೇ ಬರೆಯುತ್ತಿದ್ದರು. ಕಣ್ಣು ಮಂಜಾಗಿ ಹೋದ ವರ್ಷ ಅಂಗಡಿ ಮುಚ್ಚಿದರು. ಪುಸ್ತಕ ರದ್ದಿಗೆ ಹೋಯಿತಂತೆ.

ಮುಂದಿನ ತಿಂಗಳು ಅಕ್ಕನ ಮಗಳ ಮದುವೆ. ಕಳೆದ ಭಾನುವಾರ ದೊಡ್ಡದೊಂದು ಸಿದ್ಧ ಉಡುಪಿನ ಅಂಗಡಿಗೆ ಹೋದೆ. ಅಲ್ಲಿನ ಹುಡುಗ 38ರ ಅಂಗಿ ತಂದು ಕೊಟ್ಟ. ತೊಟ್ಟು ಕನ್ನಡಿ ನೋಡಿದರೆ ಭುಜದ ಹೊಲಿಗೆ ತೋಳಿನ ಮೇಲೆ ಎರಡಿಂಚು ಇಳಿದು ಕೂತಿದೆ, ಕಾಲರಿನೊಳಗೆ ನಾಲ್ಕು ಬೆರಳು ಹೋಗುತ್ತವೆ, ಕೈ ಇಳಿಬಿಟ್ಟರೆ ಉಗುರು ಮಾತ್ರ ಕಾಣುತ್ತದೆ. ಗದ್ದೆಯ ಬೆದರುಬೊಂಬೆಗೂ ಅಂಗಿ ಇದಕ್ಕಿಂತ ಚೆನ್ನಾಗಿ ಕೂರುತ್ತದೆ. “ಇದಕ್ಕಿಂತ ಚಿಕ್ಕದು ಇದೆಯೇ?” ಎಂದೆ. “ಮೇಲಿನ ಮಹಡಿಗೆ ಹೋಗಿ ಸರ್” ಎಂದ.

ಮೇಲಿನ ಮಹಡಿ ಮಕ್ಕಳ ವಿಭಾಗ. ಅಲ್ಲಿ ನನ್ನದೇ ತರಗತಿಯ ವಿದ್ಯಾರ್ಥಿಯೊಬ್ಬ ತಮ್ಮನಿಗೆ ಅಂಗಿ ಆರಿಸುತ್ತಿದ್ದ. “ಮಗನಿಗೆ ನೋಡುತ್ತಿದ್ದೀರಾ ಸರ್?” ಎಂದು ಕೇಳಿದ. ಹೌದು ಎಂದೆ. ನನಗಿರುವುದು ಒಬ್ಬಳೇ ಮಗಳು.

ನನ್ನಂಥವರು ಬಟ್ಟೆ ಎಲ್ಲಿ ಕೊಳ್ಳುತ್ತೀರಿ? ಶಿವಮೊಗ್ಗವಾದರೂ ಸರಿ, ಬೆಂಗಳೂರಾದರೂ ಸರಿ. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂದು ದಯವಿಟ್ಟು ಯಾರೂ ಬರೆಯಬೇಡಿ. ಕೀರ್ತಿಗೆ ತೋಳಿನ ಅಳತೆ ಬೇಕಾಗುವುದಿಲ್ಲ.

ತುಂಗಾತೀರ

ಮೂರ್ತಿ ಚಿಕ್ಕದಾದರೂ... ಕ್ಷಮಿಸಿ ಮೇಷ್ಟ್ರೇ, ಕೈ ತಡೆಯಲಿಲ್ಲ.

ಬಸವನಗುಡಿ ಬಸ್‌ಸ್ಟಾಪ್

ನಾನು ಐದಡಿ ಎರಡು. ಇದ್ದುದರಲ್ಲಿ ಚಿಕ್ಕದನ್ನು ಕೊಂಡು ಆಲ್ಟರ್ ಮಾಡಿಸುತ್ತೇನೆ. ಅಂಗಿಗೆ ಒಂಬೈನೂರು, ಆಲ್ಟರಿಗೆ ಮುನ್ನೂರು. ಉದ್ದ ಇರುವವರು ಒಂಬೈನೂರಕ್ಕೆ ಮುಗಿಸುತ್ತಾರೆ, ನಮಗೆ ಬಟ್ಟೆ ಕಡಿಮೆ ಬೇಕು, ದುಡ್ಡು ಜಾಸ್ತಿ ಬೇಕು.

ಕಬ್ಬಿಣದ ಕಡಲೆ

ಸರ್, ತಪ್ಪು ತಿಳಿಯಬೇಡಿ. 47 ಕಿಲೋ ಎಂದರೆ ತೀರಾ ಕಡಿಮೆ. ಆರು ತಿಂಗಳು ಜಿಮ್‌ಗೆ ಹೋಗಿ, ಮೊಟ್ಟೆ, ಕಡಲೆ ತಿನ್ನಿ. ಭುಜ ಅಗಲವಾದರೆ 38 ತಾನಾಗಿ ಕೂರುತ್ತದೆ.

ತುಂಗಾತೀರ

ಅಂಗಿಗೆ ತಕ್ಕಂತೆ ಮನುಷ್ಯನನ್ನು ಆಲ್ಟರ್ ಮಾಡುವುದು! ಅಂದ ಹಾಗೆ, ತೋಳಿನ ಉದ್ದಕ್ಕೆ ಯಾವ ವ್ಯಾಯಾಮ?

ಕಬ್ಬಿಣದ ಕಡಲೆ

ಸಹಾಯ ಮಾಡಲು ಬಂದರೆ ಹೀಗೆ.

ಕೌಂಟರ್ ನಂಬರ್ ಎರಡು, ದಾವಣಗೆರೆ

ಹದಿನಾಲ್ಕು ವರ್ಷದಿಂದ ಬಟ್ಟೆ ಅಂಗಡಿಯಲ್ಲಿದ್ದೇನೆ. ಮೊದಲು ಒಂದು ವಿಷಯ ತಿಳಿಸುತ್ತೇನೆ, ಅರ್ಧ ಗೊಂದಲ ಇದರಿಂದಲೇ ಹುಟ್ಟುವುದು. 38 ಎಂಬ ಸಂಖ್ಯೆ ಎಲ್ಲ ಅಂಗಿಯಲ್ಲೂ ಒಂದೇ ಅಲ್ಲ. ಕಚೇರಿಗೆ ತೊಡುವ ಫಾರ್ಮಲ್ ಅಂಗಿಗಳಲ್ಲಿ 38, 39, 40, 42, 44 ಎಂದು ಇರುತ್ತದಲ್ಲ, ಅದು ಕಾಲರಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. 38 ಎಂದರೆ ಸುಮಾರು 15 ಇಂಚಿನ ಕುತ್ತಿಗೆ. ಕ್ಯಾಶುಯಲ್ ಅಂಗಿಗಳಲ್ಲಿ 38 ಎಂದರೆ ಸಾಮಾನ್ಯವಾಗಿ ಎದೆ, ಇಂಚಿನಲ್ಲಿ. ಗಿರಾಕಿ ಎರಡನ್ನೂ ಒಂದೇ ಎಂದುಕೊಂಡು ಬರುತ್ತಾನೆ. ಕೌಂಟರಿನಲ್ಲಿ ಹೊಸದಾಗಿ ನಿಂತ ಹುಡುಗನಿಗೂ ಗೊತ್ತಿರುವುದಿಲ್ಲ.

ಮೇಷ್ಟ್ರ ಕುತ್ತಿಗೆ ಹದಿಮೂರೂವರೆ ಇಂಚು ಎಂದರೆ 34 ಸೆಂಟಿಮೀಟರ್ ಆಯಿತು. ಫಾರ್ಮಲ್ ಅಂಗಿಯ ಸಾಲು ಶುರುವಾಗುವುದೇ 38ರಿಂದ. ನಾಲ್ಕು ಸೆಂಟಿಮೀಟರ್ ಗಾಳಿ. ಟೈ ಕಟ್ಟಿದರೆ ಗೋಣಿಚೀಲದ ಬಾಯಿ ಬಿಗಿದಂತೆ ಕಾಣುತ್ತದೆ. ಕ್ಯಾಶುಯಲ್ ಸಾಲಿನಲ್ಲಿ 36 ಕೇಳಿ. ಕೆಲವು ಕಂಪನಿಗಳು ಎಕ್ಸ್ಎಸ್ ಎಂದೂ ಮಾಡುತ್ತವೆ. ಆದರೆ ಅಂಗಡಿಗೆ ತರಿಸುವುದಿಲ್ಲ, ಆನ್‌ಲೈನ್‌ನಲ್ಲಿ ಮಾತ್ರ ಇಡುತ್ತವೆ.

ಗಣಿತಮೇಷ್ಟ್ರು, ಶಿವಮೊಗ್ಗ

ಗಣಿತ ಮೇಷ್ಟರಾಗಿ ಹದಿನೆಂಟು ವರ್ಷ, ಸಂಖ್ಯೆಯ ಮುಂದೆ ಅಳತೆಯ ಮಾನ ಬರೆಯದಿದ್ದರೆ ಒಂದು ಅಂಕ ಕಳೆಯುತ್ತೇನೆ. ಅಂಗಿಯ ಪಟ್ಟಿಯ ಮೇಲಿನ 38ರ ಮುಂದೆ ಮಾನ ಇಲ್ಲ ಎಂಬುದು ಇಂದೇ ಹೊಳೆದದ್ದು.

ಉಡುಪಿಯ ಹಿರಿಯ

ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ? ಪಂಚೆ ಉಟ್ಟುಕೊಳ್ಳಿ, ಶಲ್ಯ ಹೊದೆಯಿರಿ. ಪಂಚೆಗೆ ಎಸ್, ಎಂ, ಎಲ್ ಇಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಗಳು ಪಂಚೆಯುಟ್ಟೇ ದೇಶ ನಡೆಸಿದರು, ಅವರೂ ನಿಮ್ಮ ಎತ್ತರದ ಆಸುಪಾಸಿನವರೇ.

ಮಲೆನಾಡ ಕಂಬಳಿ

ಹಿರಿಯರೇ, ನಾನೂ ಗಿಡ್ಡ, ನಾನೂ ಪಂಚೆ ಉಡುವವನು. ಪಂಚೆಗೆ ಅಳತೆಯಿಲ್ಲ ಎನ್ನುವವರು ಎತ್ತರದವರು. ಪಂಚೆಯ ಅಗಲ ಐವತ್ತು ಇಂಚು ಇರುತ್ತದೆ. ನನ್ನ ಸೊಂಟದಿಂದ ಹಿಮ್ಮಡಿಗೆ ಮೂವತ್ತೇಳು ಇಂಚು. ಮಿಕ್ಕ ಹದಿಮೂರು ಇಂಚನ್ನು ಸೊಂಟದಲ್ಲೇ ಮಡಚಿ ಮಡಚಿ ಸಿಕ್ಕಿಸಿಕೊಳ್ಳಬೇಕು. ಹೊಟ್ಟೆಯ ಸುತ್ತ ಸ್ಕೂಟರಿನ ಟ್ಯೂಬು ಕಟ್ಟಿಕೊಂಡಂತೆ. ಮೇಲೆ ಅಂಗಿ ಇಳಿಬಿಟ್ಟರೆ ಅದೂ ಉಬ್ಬುತ್ತದೆ. ಮೊಣಕಾಲ ಮೇಲೆ ಎತ್ತಿ ಕಟ್ಟಿದಾಗ ಮಾತ್ರ ಎಲ್ಲರೂ ಸಮಾನರು.

ಉಡುಪಿಯ ಹಿರಿಯ

ಒಂದು ಕಡೆಯ ಅಂಚು ಬಿಚ್ಚಿ ಹತ್ತು ಇಂಚು ಕತ್ತರಿಸಿ ಮತ್ತೆ ಹೊಲಿಸಿಬಿಡಿ.

ಮಲೆನಾಡ ಕಂಬಳಿ

ಕಡೆಗೆ ಪಂಚೆಯನ್ನೂ ಆಲ್ಟರ್ ಮಾಡಿಸಬೇಕಾಯಿತಲ್ಲ!

ಲೆಕ್ಕಪತ್ರ

ಒಂದು ಮಾತು. ಇಲ್ಲಿ ಎಲ್ಲರೂ ‘ನಾವು ಗಿಡ್ಡ’ ಎಂದು ತಪ್ಪೊಪ್ಪಿಗೆ ಕೊಡುವವರಂತೆ ಬರೆಯುತ್ತಿದ್ದೀರಿ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಜಗತ್ತಿನ ದೇಶಗಳ ಎತ್ತರದ ಅಧ್ಯಯನ ಬಂದಿತ್ತು. ಅದರಲ್ಲಿ ಹತ್ತೊಂಬತ್ತು ವರ್ಷದ ಭಾರತೀಯ ಹುಡುಗರ ಸರಾಸರಿ 166.5 ಸೆಂಟಿಮೀಟರ್, ಅಂದರೆ ಐದಡಿ ಐದೂವರೆ ಇಂಚು. ಅದು ಸರಾಸರಿ. ಸುಮಾರು ಅರ್ಧದಷ್ಟು ಜನ ಅದಕ್ಕಿಂತ ಕೆಳಗಿದ್ದಾರೆ. ಹಿಂದಿನ ತಲೆಮಾರನ್ನು ಸೇರಿಸಿಕೊಂಡರೆ ಇನ್ನೂ ಹೆಚ್ಚು. ಐದಡಿ ಒಂದಿಂಚು ವಿಚಿತ್ರವಲ್ಲ. ಸಿಟಿ ಬಸ್ಸಿನಲ್ಲಿ ನಿಂತವರನ್ನು ನೋಡಿ, ಪ್ರತಿ ಬಸ್ಸಿನಲ್ಲೂ ಇಬ್ಬರಾದರೂ ಇರುತ್ತಾರೆ. ಅಂಗಿಯ ತೋಳನ್ನು ಮಡಚಿಕೊಂಡಿರುತ್ತಾರೆ, ಅಷ್ಟೇ. ಶೋಕಿಗೆ ಮಡಚಿದ್ದಾರೆ ಎಂದು ನಾವು ಅಂದುಕೊಳ್ಳುತ್ತೇವೆ.

ಕಬ್ಬಿಣದ ಕಡಲೆ

ಭಾರತೀಯ ಗಂಡಸಿನ ಎತ್ತರ 5.8 ಎಂದು ಸರಕಾರವೇ ಹೇಳಿದೆ. ಪೇಪರಿನಲ್ಲಿ ಬಂದಿತ್ತು.

ಲೆಕ್ಕಪತ್ರ

ಬಂದಿತ್ತು, ಅದರದೊಂದು ತಮಾಷೆಯೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪೌಷ್ಟಿಕಾಂಶದ ಲೆಕ್ಕಕ್ಕಾಗಿ ಒಂದು ‘ಮಾದರಿ ಪುರುಷ’ನ ಅಳತೆ ಬದಲಿಸಿತು. ತೂಕ 60ರಿಂದ 65 ಕಿಲೋ ಆಯಿತು, ಎತ್ತರ 177 ಸೆಂಟಿಮೀಟರ್ ಆಯಿತು. ಅದು ಚೆನ್ನಾಗಿ ಉಂಡು ಬೆಳೆದವರ ಗುರಿ ಅಳತೆ, ಜನರ ಸರಾಸರಿ ಅಲ್ಲ. 177ನ್ನು ಅಡಿಗೆ ತಿರುಗಿಸಿದರೆ ದಶಮಾಂಶದಲ್ಲಿ 5.8 ಬರುತ್ತದೆ. ಅದನ್ನು ಓದಿದವರು ಐದಡಿ ಎಂಟಿಂಚು ಎಂದುಕೊಂಡರು. 5.8 ಅಡಿ ಎಂದರೆ ನಿಜಕ್ಕೂ ಐದಡಿ ಒಂಬತ್ತೂವರೆ ಇಂಚಿಗಿಂತ ಹೆಚ್ಚು. ಅಡಿಗೆ ಹನ್ನೆರಡು ಇಂಚು, ಹತ್ತಲ್ಲ. ಮೇಷ್ಟ್ರೇ, ಇದಕ್ಕೆ ಎಷ್ಟು ಅಂಕ ಕಳೆಯುತ್ತೀರಿ?

ಗಣಿತಮೇಷ್ಟ್ರು, ಶಿವಮೊಗ್ಗ

ಪೂರ್ತಿ.

ಜೀನ್ಸ್ ನಗರಿ, ಬಳ್ಳಾರಿ

ನಮ್ಮದು ಸಣ್ಣ ಜೀನ್ಸ್ ಘಟಕ, ಹನ್ನೆರಡು ಮಷಿನ್. ಚಿಕ್ಕ ಅಳತೆ ಯಾಕೆ ಸಿಗುವುದಿಲ್ಲ ಎಂದು ತಯಾರಿಸುವ ಕಡೆಯಿಂದ ಹೇಳುತ್ತೇನೆ. ನಾವು ಒಂದೊಂದೇ ಪ್ಯಾಂಟ್ ಮಾರುವುದಿಲ್ಲ, ಸೆಟ್ ಕಟ್ಟಿ ಮಾರುತ್ತೇವೆ. 30ರದು ಒಂದು, 32ರದು ಎರಡು, 34ರದು ಎರಡು, 36ರದು ಒಂದು, ಹೀಗೆ ಆರರ ಕಟ್ಟು. 28 ಬೇಕೆಂದರೆ ಬೇರೆ ಸೆಟ್. ಚಿಲ್ಲರೆ ಅಂಗಡಿಯವನು ಕೇಳುವುದು ಮಧ್ಯದ ಅಳತೆಗಳನ್ನು. ವರ್ಷದ ಕೊನೆಗೆ 28 ಮೂಲೆಯಲ್ಲಿ ಉಳಿದರೆ ಅವನ ದುಡ್ಡು ಅಲ್ಲೇ ಕೊಳೆಯುತ್ತದೆ. 26, 27 ಕತ್ತರಿಸಬೇಕೆಂದರೆ ಬೇರೆ ಪ್ಯಾಟರ್ನ್ ಮಾಡಬೇಕು, ಬಟ್ಟೆಯ ಮೇಲೆ ಗುರುತು ಹಾಕುವ ಲೆಕ್ಕವನ್ನೂ ಬದಲಿಸಬೇಕು. ಇನ್ನೂರು ಮುನ್ನೂರು ಪೀಸಿನ ಆರ್ಡರ್ ಇದ್ದರೆ ಮಾಡಬಹುದು. ಬೇಡಿಕೆ ಇಲ್ಲ ಸರ್, ಇದ್ದರೆ ಯಾರು ಬಿಡುತ್ತಾರೆ?

ಬಸವನಗುಡಿ ಬಸ್‌ಸ್ಟಾಪ್

ಈ ಮಾತಿಗೆ ನನ್ನ ಪೂರ್ತಿ ವಿರೋಧವಿದೆ. ಅಂಗಡಿಯಲ್ಲಿ ಇಡುವುದೇ ಒಂದು 28. ಅದು ಮೊದಲ ವಾರವೇ ಮಾರಾಟವಾಗುತ್ತದೆ. ಎರಡನೆಯ ವಾರ ಹೋದ ಹತ್ತು ಜನ ಬರಿಗೈಯಲ್ಲಿ ಬರುತ್ತಾರೆ. ಅವರ ಲೆಕ್ಕ ಯಾವ ಪುಸ್ತಕದಲ್ಲಿ ಬರೆಯುತ್ತೀರಿ? ಇಲ್ಲದ ಸರಕಿಗೆ ಬೇಡಿಕೆ ಕಾಣುವುದು ಹೇಗೆ? ಮೂರು ಸಲ ‘ಇಲ್ಲ’ ಎನ್ನಿಸಿಕೊಂಡವನು ನಾಲ್ಕನೆಯ ಸಲ ಅಂಗಡಿಗೇ ಬರುವುದಿಲ್ಲ. ಆಮೇಲೆ ನೀವು ಹೇಳುತ್ತೀರಿ, ಚಿಕ್ಕವರು ಬರುವುದಿಲ್ಲ ಎಂದು.

ಕೌಂಟರ್ ನಂಬರ್ ಎರಡು, ದಾವಣಗೆರೆ

ಎರಡೂ ನಿಜ. ಆದರೆ ಡಿಸ್ಕೌಂಟ್ ಸೇಲಿನ ಕೊನೆಯ ದಿನ ಬಂದು ನೋಡಿ, ರಾಶಿಯಲ್ಲಿ ಉಳಿದಿರುವುದು ಎರಡೇ ಅಳತೆ. ತೀರಾ ದೊಡ್ಡದು, ತೀರಾ ಚಿಕ್ಕದು.

ಬಸವನಗುಡಿ ಬಸ್‌ಸ್ಟಾಪ್

ಆ ರಾಶಿಯಲ್ಲಿ ಉಳಿಯುವ ‘ಚಿಕ್ಕದು’ ಗಿಳಿಹಸಿರು ಬಣ್ಣದ್ದು, ಎದೆಯ ಮೇಲೆ ತಲೆಬುರುಡೆ ಇರುವಂಥದ್ದು. ಬಿಳಿ ಅಂಗಿ ಉಳಿದದ್ದನ್ನು ನಾನು ಕಾಣೆ.

ಉದ್ದಜಡೆ

ನನ್ನ ಗಂಡ ಐದಡಿ ಎರಡು, ನಾನು ಐದಡಿ ಆರು. ಮದುವೆಯಾಗಿ ಹನ್ನೊಂದು ವರ್ಷ, ಫೋಟೋಗೆ ನಿಲ್ಲುವಾಗ ಫೋಟೋಗ್ರಾಫರ್ ಅವರಿಗೆ ಮೆಟ್ಟಿಲು ಹುಡುಕುವುದು ಇನ್ನೂ ನಿಂತಿಲ್ಲ. ನಾವು ಕಂಡುಕೊಂಡ ದಾರಿ ಹೇಳುತ್ತೇನೆ, ನಗಬಾರದು. ಹೆಂಗಸರ ವಿಭಾಗದಲ್ಲಿ ಸಾದಾ ಹತ್ತಿ, ಲಿನನ್ ಅಂಗಿಗಳು ಸಿಗುತ್ತವೆ. ಎದೆಯ ಬಳಿ ಮಡಿಕೆ ಹಿಡಿದು ಹೊಲಿಯುವ ಟಕ್ಸ್ ಇಲ್ಲದ, ನೇರ ಹೊಲಿಗೆಯವು. ಅವು ಅವರ ಭುಜಕ್ಕೆ ಚೆನ್ನಾಗಿ ಕೂರುತ್ತವೆ. ಒಂದೇ ತೊಡಕು, ಗುಂಡಿಗಳು ಎಡಗಡೆ ಇರುತ್ತವೆ, ಕಾಜ ಬಲಗಡೆ. ಗಂಡಸರದು ತಿರುಗುಮುರುಗು. ಮೊದಲ ವಾರ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿದ್ದರು, ಈಗ ಕತ್ತಲಲ್ಲೂ ಹಾಕಿಕೊಳ್ಳುತ್ತಾರೆ.

ತುಂಗಾತೀರ

ಯಾರೂ ಗುರುತಿಸಲಿಲ್ಲವೇ?

ಉದ್ದಜಡೆ

ಎರಡು ವರ್ಷದಲ್ಲಿ ಒಬ್ಬರೇ. ಅವರ ಕಚೇರಿಯ ಪಕ್ಕದ ಬೀದಿಯ ಇಸ್ತ್ರಿಯವರು. “ಅಮ್ಮಾವರ ಅಂಗಿ ಬೇರೆ ಕಟ್ಟಿದ್ದೇನೆ” ಎಂದು ನಾಲ್ಕು ಅಂಗಿಯನ್ನು ಬೇರೆ ಗಂಟು ಮಾಡಿ ಕೊಟ್ಟರು.

ಹೊಸಬ 1988

ಸಮವಸ್ತ್ರದ ಅಂಗಡಿಗೆ ಯಾರೂ ಹೋಗುವುದಿಲ್ಲವೇ? ಅಲ್ಲಿ ಅಂಗಿಗಳು 32, 34, 36 ಎಂದು ಎರಡೆರಡು ಇಂಚಿನ ಅಂತರದಲ್ಲಿ ಸಿಗುತ್ತವೆ. ಬಿಳಿ, ತಿಳಿನೀಲಿ ಎರಡೂ ಇರುತ್ತವೆ. ಬೆಲೆಯೂ ಕಡಿಮೆ. ನಾನು ಪ್ರಯೋಗಾಲಯದ ಸಹಾಯಕನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ಬಿಳಿ ಅಂಗಿ, ಕಡುನೀಲಿ ಪ್ಯಾಂಟ್ ಕೊಂಡಿದ್ದೆ. ಎಲ್ಲ ಸರಿಯಾಗಿತ್ತು. ಮೂರನೆಯ ದಿನ ಗೇಟಿನ ಕಾವಲುಗಾರ ತಡೆದು, ತಡವಾಗಿ ಬಂದವರ ಸಾಲಿನಲ್ಲಿ ನಿಲ್ಲಿಸಿದ. ಪ್ರಾಂಶುಪಾಲರು ಬಂದು ಬಿಡಿಸಬೇಕಾಯಿತು.

ಗಣಿತಮೇಷ್ಟ್ರು, ಶಿವಮೊಗ್ಗ

ಹೊಸಬರೇ, ನಿಮ್ಮ ಮಾತಿನಿಂದ ಒಂದು ಬಾಗಿಲು ಮುಚ್ಚಿತು. ಧನ್ಯವಾದ.

ಎರಡು ಸಮುದ್ರ ದಾಟಿ, ಒಸಾಕಾ

ಮಂಡ್ಯದವನು, ಒಂಬತ್ತು ವರ್ಷದಿಂದ ಜಪಾನಿನಲ್ಲಿದ್ದೇನೆ. ಎತ್ತರ 160 ಸೆಂಟಿಮೀಟರ್. ಇಲ್ಲಿ ಸೂಟಿನ ಅಂಗಡಿಗೆ ಮೊದಲ ಸಲ ಹೋದಾಗ ಅಂಗಡಿಯಾತ ನನ್ನನ್ನು ಒಮ್ಮೆ ನೋಡಿ ನೇರವಾಗಿ ಒಂದು ಗೂಟದ ಬಳಿ ಕರೆದೊಯ್ದ. ಅಲ್ಲಿ ‘ಎ3’ ಎಂದು ಬರೆದಿತ್ತು. 3 ಎಂದರೆ 160 ಸೆಂಟಿಮೀಟರ್ ಎತ್ತರ, 4 ಎಂದರೆ 165, 5 ಎಂದರೆ 170. ಅಕ್ಷರ ಮೈಕಟ್ಟಿಗೆ. ವೈ ಎಂದರೆ ತೆಳು, ಎ ಎಂದರೆ ಸಾಧಾರಣ, ಎಬಿ, ಬಿ ಎಂದು ಹೋದಂತೆ ಹೊಟ್ಟೆ ಬರುತ್ತದೆ. ಎತ್ತರಕ್ಕೊಂದು ಗುರುತು, ದಪ್ಪಕ್ಕೊಂದು ಗುರುತು. ತೊಟ್ಟು ನೋಡಿದೆ, ತೋಳು ಮಣಿಕಟ್ಟಿಗೆ ಬಂದು ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ. ಟ್ರಯಲ್ ರೂಮಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ, ಹೊರಗಿನಿಂದ ಎರಡು ಸಲ ಬಾಗಿಲು ತಟ್ಟಿದರು.

ನಮ್ಮ ಎಸ್, ಎಂ, ಎಲ್ ಪದ್ಧತಿಯ ತಪ್ಪೇ ಅದು. ದಪ್ಪ ಇರುವವನು ಉದ್ದವೂ ಇರುತ್ತಾನೆ, ತೆಳ್ಳಗಿರುವವನು ಮಾತ್ರ ಗಿಡ್ಡ ಎಂಬ ಲೆಕ್ಕ. ಗಿಡ್ಡ ಮತ್ತು ಗುಂಡಗೆ ಇರುವ ನನ್ನ ಮಾವನವರಿಗೆ ಈ ಪದ್ಧತಿಯಲ್ಲಿ ಜಾಗವೇ ಇಲ್ಲ.

ಕೌಂಟರ್ ನಂಬರ್ ಎರಡು, ದಾವಣಗೆರೆ

ಚೀನಾದಿಂದ ಬರುವ ಬಟ್ಟೆಗಳ ಪಟ್ಟಿಯ ಮೇಲೂ ಹೀಗೇ ಇರುತ್ತದೆ. ‘165/84ಎ’ ಎಂದು ಬರೆದಿದ್ದರೆ 165 ಸೆಂಟಿಮೀಟರ್ ಎತ್ತರದವನಿಗೆ, 84 ಸೆಂಟಿಮೀಟರ್ ಎದೆಯವನಿಗೆ ಎಂದು ಅರ್ಥ. ನಮ್ಮ ಗಿರಾಕಿಗಳು ಅದನ್ನು ಬ್ಯಾಚ್ ನಂಬರ್ ಎಂದುಕೊಳ್ಳುತ್ತಾರೆ. ಒಬ್ಬರು 165 ರೂಪಾಯಿ ಎಂದುಕೊಂಡು ಜಗಳಕ್ಕೇ ನಿಂತಿದ್ದರು.

ನ್ಯೂಜೆರ್ಸಿ ನುಗ್ಗೆಕಾಯಿ

ಅಮೆರಿಕದ ಕೋಟುಗಳಲ್ಲಿ 36ಎಸ್ ಎಂದು ಇರುತ್ತದೆ. ಆ ಎಸ್ ಎಂದರೆ ಸ್ಮಾಲ್ ಅಲ್ಲ, ಶಾರ್ಟ್. ಗಿಡ್ಡ ಎಂದು ನೇರವಾಗಿ ಬರೆದಿರುತ್ತಾರೆ, ಬೇಸರವಿಲ್ಲ, ಕೋಟು ಸರಿಯಾಗಿ ಕೂರುತ್ತದೆ. ಜೀನ್ಸ್‌ನಲ್ಲೂ ಸೊಂಟ, ಕಾಲಿನ ಉದ್ದ ಎರಡನ್ನೂ ಬರೆಯುತ್ತಾರೆ. ಊರಿಗೆ ಬಂದಾಗ ಅದೇ ಜೀನ್ಸ್ ಕೊಂಡರೆ ಕಾಲು ನೆಲ ಗುಡಿಸುತ್ತದೆ.

ಹುಬ್ಬಳ್ಳಿ ಗಿರ್ಮಿಟ್

ಬೆಂಗಳೂರಿನಲ್ಲಿ ರಫ್ತಿಗೆ ಹೋಗಿ ಉಳಿದ ಬಟ್ಟೆಗಳ ಅಂಗಡಿಗಳಿವೆ, ಅಲ್ಲಿ ಹೋಗಿ ಎಂದು ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಹೋಗಬೇಡಿ. ಅವು ಹೊರದೇಶದವರ ಮೈಗೆ ಹೊಲಿದವು. ಅಲ್ಲಿನ ಸ್ಮಾಲ್ ನಮ್ಮ ಮೀಡಿಯಂ. ಒಂದು ಇಡೀ ಶನಿವಾರ ಅಲೆದು ನಾನು ತಂದದ್ದು ಎರಡು ಕರವಸ್ತ್ರ ಮತ್ತು ಒಂದು ದಿಂಬಿನ ಗವಸು.

ಭದ್ರಾವತಿ ಎಕ್ಸ್‌ಪ್ರೆಸ್

ಮೇಷ್ಟ್ರು ಶಿವಮೊಗ್ಗದವರು, ನಮ್ಮೂರು ಪಕ್ಕದಲ್ಲೇ. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು. ಅವರೂ ಗಿಡ್ಡನೆಯ ದೇಹದವರೇ. 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಇನಿಂಗ್ಸ್ ಸೊನ್ನೆ, ಎರಡನೆಯದರಲ್ಲಿ 137. ಆ ಸ್ಕ್ವೇರ್ ಕಟ್ ಎತ್ತರದವರಿಗೆ ಬರುವುದಿಲ್ಲ ಎಂದು ನಮ್ಮ ತಂದೆ ಸಾಯುವ ತನಕ ವಾದಿಸುತ್ತಿದ್ದರು.

ಕಬ್ಬಿಣದ ಕಡಲೆ

ಸ್ಕ್ವೇರ್ ಕಟ್‌ಗೂ ಎತ್ತರಕ್ಕೂ ಏನು ಸಂಬಂಧ? ಮಣಿಕಟ್ಟಿನ ಬಲ ಅದು.

ಭದ್ರಾವತಿ ಎಕ್ಸ್‌ಪ್ರೆಸ್

ಚೆಂಡು ಗಿಡ್ಡನವನ ಎದೆಮಟ್ಟಕ್ಕೆ ಬರುವಾಗ ಎತ್ತರದವನ ಸೊಂಟದ ಬಳಿ ಇರುತ್ತದೆ ಸ್ವಾಮಿ. ಕಟ್ ಹೊಡೆಯಲು ಚೆಂಡು ಮೇಲೆ ಬರಬೇಕು.

ನಿರ್ವಾಹಕ

ಕ್ರಿಕೆಟ್‌ಗೆ ಬೇರೆ ಎಳೆ ಇದೆ. ಇಲ್ಲಿ ಬಟ್ಟೆಯ ಎಳೆಯನ್ನೇ ಹಿಡಿಯಿರಿ.

ಸೂಜಿದಾರ, ಮೈಸೂರು

ದರ್ಜಿಗಳು ಮುಗಿದುಹೋದರು ಎಂಬಂತೆ ಮಾತಾಡುತ್ತಿದ್ದೀರಿ, ನಾನಿನ್ನೂ ಇದ್ದೇನೆ. ಅಪ್ಪನೂ ಇದೇ ಕೆಲಸ ಮಾಡುತ್ತಿದ್ದರು. ಆಲ್ಟರ್ ಮಾಡಿಸಿ ಎನ್ನುವವರಿಗೆ ಮೊದಲು ಒಂದು ಮಾತು. ಸಿದ್ಧ ಅಂಗಿಯಲ್ಲಿ ಪಕ್ಕದ ಹೊಲಿಗೆ ಬಿಚ್ಚಿ ಎದೆ, ಹೊಟ್ಟೆ ಒಳಗೆ ತೆಗೆದುಕೊಳ್ಳುವುದು ಅರ್ಧ ಗಂಟೆಯ ಕೆಲಸ. ಉದ್ದ ಕತ್ತರಿಸುವುದು ಅದಕ್ಕಿಂತ ಸುಲಭ. ಭುಜ ಹಾಗಲ್ಲ. ತೋಳನ್ನೇ ಕಳಚಿ, ಭುಜದ ಕಡೆ ಕತ್ತರಿಸಿ, ಕಂಕುಳ ಸುತ್ತನ್ನು ಹೊಸದಾಗಿ ತೆಗೆದು, ತೋಳಿನ ತಲೆಯನ್ನು ಅದಕ್ಕೆ ಹೊಂದಿಸಿ ಮತ್ತೆ ಕೂಡಿಸಬೇಕು. ಹೊಸ ಅಂಗಿ ಹೊಲಿಯುವುದೇ ವಾಸಿ. ಕಾಲರನ್ನಂತೂ ಮುಟ್ಟಬಾರದು. ಅದನ್ನು ಕಿರಿದು ಮಾಡಿದರೆ ಕೊರಳಿನ ಸುತ್ತ ಬಟ್ಟೆ ಸುಕ್ಕು ಬೀಳುತ್ತದೆ.

ಉದ್ದ ತೋಳನ್ನು ಕಫ್ ಬಿಚ್ಚಿ ಗಿಡ್ಡ ಮಾಡುತ್ತಾರಲ್ಲ, ಎರಡಿಂಚು ಕತ್ತರಿಸಿದರೆ ಕಫ್ ಮೇಲಿನ ಸೀಳೂ ಎರಡಿಂಚು ಹೋಯಿತು. ಆ ಸೀಳಿನಲ್ಲಿರುವ ಪುಟ್ಟ ಗುಂಡಿ ಬಂದು ಕಫ್‌ಗೆ ತಾಗುತ್ತದೆ. ಆಮೇಲೆ ತೋಳು ಮಡಚಲು ಆಗುವುದಿಲ್ಲ. ಪ್ಯಾಂಟ್‌ನಲ್ಲಿ ಸೊಂಟ ಒಂದೂವರೆ ಇಂಚು ಹಿಡಿಯಬಹುದು, ಹೆಚ್ಚೆಂದರೆ ಎರಡು. 32ನ್ನು 27 ಮಾಡಿಕೊಡಿ ಎಂದು ಬರುತ್ತಾರೆ. ಹಿಂದಿನ ಎರಡು ಜೇಬೂ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಪರ್ಸ್ ಯಾವ ಜೇಬಿನಲ್ಲಿದೆ ಎಂದು ಹಾಕಿಕೊಂಡವನಿಗೇ ತಿಳಿಯುವುದಿಲ್ಲ.

ಮೇಷ್ಟ್ರೇ, ಹಳೆಯ ದರ್ಜಿ ಹೊಲಿದ ಅಂಗಿಗಳಲ್ಲಿ ಒಂದು ಹರಿದದ್ದಾದರೂ ಉಳಿದಿದೆಯೇ? ಇದ್ದರೆ ಅದನ್ನು ಬಿಸಾಡಬೇಡಿ. ಪುಸ್ತಕ ರದ್ದಿಗೆ ಹೋದರೇನು, ಅಳತೆ ಅಂಗಿಯಲ್ಲೇ ಇದೆ. ಹೊಸ ದರ್ಜಿಯ ಬಳಿ ಅದನ್ನು ಒಯ್ದು, ಹೊಲಿಗೆ ಪೂರ್ತಿ ಬಿಚ್ಚಿಸಿ, ಒಂದೊಂದು ತುಂಡನ್ನೂ ಇಸ್ತ್ರಿ ಮಾಡಿಸಿ, ಖಾಕಿ ಕಾಗದದ ಮೇಲಿಟ್ಟು ಗುರುತು ಹಾಕಿಸಿ. ಆ ಕಾಗದ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ನಾಳೆ ಆ ದರ್ಜಿಯೂ ಅಂಗಡಿ ಮುಚ್ಚಿದರೆ ಇನ್ನೊಬ್ಬರಿಗೆ ಕೊಡಬಹುದು.

ಗಣಿತಮೇಷ್ಟ್ರು, ಶಿವಮೊಗ್ಗ

ಒಂದಿದೆ. ಕಂದುಗೆರೆಯ ಅಂಗಿ, ಕಂಕುಳಲ್ಲಿ ಹರಿದಿದೆ. ಹೆಂಡತಿ ಸ್ಕೂಟರ್ ಒರೆಸಲು ತೆಗೆದಿಟ್ಟಿದ್ದಳು. ಈಗಷ್ಟೇ ಡಿಕ್ಕಿಯಿಂದ ಬಿಡಿಸಿ ತಂದೆ.

ಉದ್ದಜಡೆ

ಮೇಷ್ಟ್ರೇ, ಗಂಡಸರ ದರ್ಜಿ ಸಿಗದಿದ್ದರೆ ರವಿಕೆ ಹೊಲಿಯುವವರ ಬಳಿ ಹೋಗಿ. ಅವರಿಗೆ ಕಾಲಿಂಚು ಎಂದರೆ ಕಾಲಿಂಚೇ. ಕಂಕುಳ ಸುತ್ತು, ಭುಜ, ತೋಳಿನ ಬಿಗಿ, ಇವೇ ಅವರ ದಿನದ ಕೆಲಸ. ಗಂಡಸರ ದರ್ಜಿಗಳಲ್ಲಿ ಎಷ್ಟೋ ಮಂದಿ ಎಲ್ಲರಿಗೂ ‘ಸ್ವಲ್ಪ ಲೂಸ್ ಇರಲಿ’ ಎಂದು ಎರಡಿಂಚು ಸೇರಿಸುತ್ತಾರೆ. ಚಿಕ್ಕಂದಿನಲ್ಲಿ ‘ಬೆಳೆಯುವ ಹುಡುಗ, ದೊಡ್ಡದೇ ಹೊಲಿಯಿರಿ’ ಎನ್ನುತ್ತಿದ್ದರಲ್ಲ, ನನ್ನ ಗಂಡನಿಗೆ ಮೂವತ್ತೆಂಟನೆಯ ವಯಸ್ಸಿನಲ್ಲೂ ಅದೇ ಲೆಕ್ಕದಲ್ಲಿ ಹೊಲಿದು ಕೊಟ್ಟಿದ್ದರು.

ಸೂಜಿದಾರ, ಮೈಸೂರು

ಅಮ್ಮಾ, ಭುಜ, ತೋಳಿನ ಮಾತು ಒಪ್ಪಿದೆ. ಆದರೆ ಕಾಲರ್ ಬೇರೆಯೇ ವಿದ್ಯೆ. ಒಳಗೆ ಬಕ್ರಂ ಎಂಬ ಗಟ್ಟಿ ಬಟ್ಟೆ ಕೂರಿಸಬೇಕು, ಎರಡು ತುದಿಯೂ ಒಂದೇ ಅಳತೆಗೆ ಬರಬೇಕು, ಕೊರಳಪಟ್ಟಿಯ ಬಾಗು ಕೊರಳಿಗೆ ಹೊಂದಬೇಕು. ದಿನವೂ ಹೊಲಿಯದವರಿಗೆ ಮೊದಲ ಸಲ ಬರುವುದಿಲ್ಲ. ಬಿಗಿಯಾದರೆ ನನ್ನನ್ನು ನೆನೆಯಿರಿ.

ಉದ್ದಜಡೆ

ನೋಡೋಣ.

ಸೂಜಿದಾರ, ಮೈಸೂರು

ಇನ್ನೊಂದು ಮಾತು ಮರೆತಿದ್ದೆ. ಅಂಗಡಿಯಲ್ಲಿ 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ಶರ್ಟ್ ಪೀಸ್ 1.60 ಮೀಟರ್ ಎಂದು ಕತ್ತರಿಸಿ ಮಡಚಿಟ್ಟಿರುತ್ತಾರೆ. ನಿಮ್ಮ ಮೈಗೆ ಅಷ್ಟು ಬೇಡ. ಮಿಕ್ಕ ಬಟ್ಟೆಯನ್ನು ಕೇಳಿ ಪಡೆಯಿರಿ. ನಮ್ಮ ಕಸುಬಿನವರ ಬಗ್ಗೆ ನಾನೇ ಹೇಳುತ್ತಿದ್ದೇನೆ, ಕೇಳದಿದ್ದರೆ ಕೊಡುವುದಿಲ್ಲ. ಹತ್ತಿ ಬಟ್ಟೆಯಾದರೆ ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಅಳತೆಗೆ ಸರಿಯಾಗಿ ಹೊಲಿದ ಅಂಗಿ ಮೊದಲ ಒಗೆತಕ್ಕೇ ಕುಗ್ಗಿದರೆ ನಿಮಗೆ ಕೆಳಗಿನ ಅಳತೆಯೇ ಇಲ್ಲ.

ಲೆಕ್ಕಪತ್ರ

ಭಾರತೀಯರದೇ ಅಳತೆಯ ಪಟ್ಟಿ ಮಾಡಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ‘ಇಂಡಿಯಾಸೈಜ್’ ಎಂಬ ಯೋಜನೆ ಕೈಗೊಂಡಿದೆ. ಹದಿನೈದರಿಂದ ಅರವತ್ತೈದು ವಯಸ್ಸಿನ 25,000 ಜನರ ಮೈಯನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಯೋಜನೆ. ಬೇರೆ ದೇಶದವರ ಪಟ್ಟಿಯನ್ನು ಅಲ್ಪಸ್ವಲ್ಪ ತಿದ್ದಿ ನಮಗೆ ತೊಡಿಸುವುದು ನಿಲ್ಲಬಹುದು.

ಹುಬ್ಬಳ್ಳಿ ಗಿರ್ಮಿಟ್

ಅಳೆಯುವುದು ಸರಿ. ಬಳ್ಳಾರಿಯವರು ಆಮೇಲೂ 30, 32, 34ರ ಸೆಟ್ಟೇ ಕಟ್ಟುತ್ತಾರೆ.

ಜೀನ್ಸ್ ನಗರಿ, ಬಳ್ಳಾರಿ

ನೀವು ಇನ್ನೂರು ಜನ ಸೇರಿ ಆರ್ಡರ್ ಕೊಡಿ, ನಾಳೆಯೇ 27 ಕತ್ತರಿಸುತ್ತೇನೆ. ಮಾತಿನಲ್ಲಿ ಚುಚ್ಚುವುದು ಸುಲಭ.

ಬಸವನಗುಡಿ ಬಸ್‌ಸ್ಟಾಪ್

ನನ್ನದು ಎರಡು ಬರೆದುಕೊಳ್ಳಿ. ಕಪ್ಪು ಒಂದು, ನೀಲಿ ಒಂದು. ಕಾಲಿನ ಉದ್ದ 27.

ಹೊಸಬ 1988

ನನ್ನದೂ ಎರಡು.

ಐದನೇ ನಂಬರ್

ಶೂ ಬಗ್ಗೆ ಯಾರಾದರೂ ಹೇಳುತ್ತೀರಾ? ನನ್ನ ಪಾದಕ್ಕೆ ಐದನೇ ನಂಬರ್. ಗಂಡಸರ ಶೂ ಆರರಿಂದ ಶುರು. ಹತ್ತಿ ತುರುಕಿಕೊಂಡು ನಡೆಯುತ್ತಿದ್ದೇನೆ.

ಗಣಿತಮೇಷ್ಟ್ರು, ಶಿವಮೊಗ್ಗ

ಹದಿನೆಂಟು ದಿನದ ನಂತರ ಬರೆಯುತ್ತಿದ್ದೇನೆ. ಉದ್ದಜಡೆಯವರ ಮಾತಿನಂತೆ ವಿನೋಬನಗರದಲ್ಲಿ ರವಿಕೆ ಹೊಲಿಯುವ ಒಬ್ಬ ಹೆಣ್ಣುಮಗಳ ಬಳಿ ಹೋದೆ. ಬಾಗಿಲಲ್ಲಿ ಐದು ಜನ ಹೆಂಗಸರು ಕಾಯುತ್ತಿದ್ದರು. “ಅಮ್ಮನವರ ಬ್ಲೌಸ್ ಬೇಕಿತ್ತಾ ಸರ್, ಇನ್ನೂ ಆಗಿಲ್ಲ” ಎಂದರು. ನನಗೇ ಅಂಗಿ ಎಂದೆ. ಐವರೂ ತಿರುಗಿ ನೋಡಿದರು.

ಆಕೆ ನಗಲಿಲ್ಲ. ಕಂದುಗೆರೆಯ ಅಂಗಿಯನ್ನು ಮೇಜಿನ ಮೇಲೆ ಹರಡಿ, ಸೂಜಿಯ ತುದಿಯಿಂದ ಹೊಲಿಗೆ ಬಿಚ್ಚತೊಡಗಿದರು. ತೋಳು ಬಿಚ್ಚಿದಾಗ ಒಳಗಡೆ ಬಟ್ಟೆಯ ನಿಜವಾದ ಬಣ್ಣ ಕಂಡಿತು, ಕಾಫಿಪುಡಿಯಂತೆ ಕಡುಕಂದು. ಹೊರಗೆ ಅದು ಮಣ್ಣಿನ ಬಣ್ಣವಾಗಿತ್ತು. ಬಲಭುಜದ ತುಂಡು ಎಡಭುಜಕ್ಕಿಂತ ಕಾಲಿಂಚು ಕಿರಿದು. ಆಕೆ ಎರಡು ಸಲ ಅಳೆದು, “ಹೊಲಿದವರು ತಪ್ಪು ಮಾಡಿದ್ದಾರೆ” ಎಂದರು. ಆಮೇಲೆ ನನ್ನನ್ನು ನಿಲ್ಲಿಸಿ ಟೇಪು ಹಿಡಿದು ನೋಡಿದರು. ತಪ್ಪಲ್ಲ. ನನ್ನ ಬಲಭುಜವೇ ಕಾಲಿಂಚು ತಗ್ಗು. ಕಪ್ಪುಹಲಗೆಯ ಮೇಲೆ ಬರೆಯುವ ಕೈ ಅದು, ಆದ್ದರಿಂದಲೋ ಏನೋ. ಇಪ್ಪತ್ತು ವರ್ಷ ಆ ಮನುಷ್ಯ ನನಗೆ ಹೇಳದೆ ಅದನ್ನು ಸರಿದೂಗಿಸಿ ಹೊಲಿಯುತ್ತಿದ್ದರು.

ನಿನ್ನೆ ಅಂಗಿ ಬಂತು. ಭುಜ, ತೋಳು, ಉದ್ದ ಯಾವುದರಲ್ಲೂ ಹೆಸರಿಡುವಂತಿಲ್ಲ.

ಸೂಜಿದಾರ, ಮೈಸೂರು

ಕಾಲರ್?

ಗಣಿತಮೇಷ್ಟ್ರು, ಶಿವಮೊಗ್ಗ

ಅರ್ಧ ಇಂಚು ಬಿಗಿ. ಮೇಲಿನ ಗುಂಡಿ ಹಾಕಿದರೆ ಉಗುಳು ನುಂಗಲು ಕಷ್ಟ. ನಿಮ್ಮನ್ನು ನೆನೆದೆ.

ಉದ್ದಜಡೆ

ಮೇಲಿನ ಗುಂಡಿ ಯಾರು ಹಾಕುತ್ತಾರೆ?

ಸೂಜಿದಾರ, ಮೈಸೂರು

ಮದುವೆಗೆ ಇನ್ನೂ ದಿನ ಇದೆ, ಕಾಲರ್ ಬಿಚ್ಚಿಸಿ ಬೇರೆ ಹಾಕಿಸಿ. ಅಂದ ಹಾಗೆ, ಮಿಕ್ಕ ಬಟ್ಟೆ ಕೇಳಿ ಪಡೆದಿರಾ?

ಗಣಿತಮೇಷ್ಟ್ರು, ಶಿವಮೊಗ್ಗ

ಕೇಳುವ ಮೊದಲೇ ಮಡಚಿ ಕೊಟ್ಟಿದ್ದರು. ಅದರಲ್ಲೇ ಹೊಸ ಕಾಲರ್ ಕತ್ತರಿಸುತ್ತಾರಂತೆ. ನಾಳೆ ಒಯ್ದು ಕೊಡುತ್ತೇನೆ.

ಐದನೇ ನಂಬರ್

ಶೂ ಬಗ್ಗೆ ಯಾರೂ ಹೇಳಲಿಲ್ಲ.